ಗಿರಿಜತ್ತೆಯ ಮೂಗು

ಕೊಪ್ಪದ ನಮ್ಮ ಬೀದಿಯ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಸಿಹಿತಿಂಡಿ ಮಾಡಿ ಮಾರಲು ಹೊರಟಿದ್ದಾರೆ. ಹೋದ ವಾರ ಮೂರ್ನಾಲ್ಕು ಜನ ಮನೆಗೆ ಬಂದು, "ಲಲಿತಕ್ಕ, ನಿಮ್ಮ ಕಜ್ಜಾಯದ ಅಳತೆ ಹೇಳಿ, ರೆಕಾರ್ಡ್ ಮಾಡ್ಕೊತೀವಿ" ಎಂದು ಮೊಬೈಲನ್ನು ನನ್ನ ಮೂತಿಗೆ ಹಿಡಿದರು. ನನಗೆ ಸರ್ರನೆ ಸಿಟ್ಟು ಬಂತು. ಅಳತೆ ಬೇಕಿದ್ದರೆ ಅದೇ ಮೊಬೈಲಿನೊಳಗೆ ಬೇಕಾದಷ್ಟಿದೆ, ನನ್ನ ಹತ್ತಿರ ಯಾಕೆ ಬಂದಿರಿ ಎಂದುಬಿಟ್ಟೆ. ಕಾಫಿ ಕುಡಿದು ಮುಖ ಸಣ್ಣ ಮಾಡಿಕೊಂಡು ಹೋದರು. ಆಮೇಲೆ ಪಾಪ ಅನ್ನಿಸಿತು. ಕೇಳಲು ಬಂದವರನ್ನು ಗದರಿಸುವ ಗುಣ ನನಗೆ ಕೆಲಸ ಕಲಿಸಿದವರಿಂದ ಬಂದದ್ದು. ಆದರೆ ಅವರು ಗದರಿಸಿದ ಮೇಲೆ ಕಲಿಸುತ್ತಿದ್ದರು. ನಾನು ಗದರಿಸಿ ಸುಮ್ಮನೆ ಕಳಿಸಿಬಿಟ್ಟೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಂಡಿ ನೋವಿನಿಂದ ಒಲೆ ಮುಂದೆ ಕೂರುವುದನ್ನು ಬಿಟ್ಟಾಯಿತು, ಕುರ್ಚಿಯಲ್ಲಿ ಕೂತು ಬರೆಯುವುದಕ್ಕೇನೂ ಅಡ್ಡಿಯಿಲ್ಲ.

ನಾನು ಈ ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಆಗ ನಮ್ಮ ಕಡೆ ಮದುವೆಯ ಊಟಕ್ಕೆ ಅಡುಗೆಯವರನ್ನು ಕರೆಸಿದರೂ, ಸಿಹಿಯನ್ನು ಮನೆಯಲ್ಲೇ, ಮನೆಯ ಅಕ್ಕಿ, ಮನೆಯ ತುಪ್ಪದಲ್ಲೇ ಮಾಡಿಸುತ್ತಿದ್ದರು. ಆ ಕೆಲಸಕ್ಕೆ ಹೋಗುತ್ತಿದ್ದವರು ನಾವು. ಎರಡು ಮೂರು ದಿನ ಮೊದಲೇ ಹೋಗಿ, ಅವರ ಅಡುಗೆಮನೆಯಲ್ಲಿ ಬಿಡಾರ ಹೂಡಿ, ಕಜ್ಜಾಯ, ಲಾಡು, ಹೋಳಿಗೆ, ಮೈಸೂರು ಪಾಕು ಮುಗಿಸಿ, ಸಾರಿನ ಪುಡಿಯನ್ನೂ ಪಲಾವಿನ ಮಸಾಲೆಯನ್ನೂ ಕುಟ್ಟಿ ಡಬ್ಬಿಗೆ ತುಂಬಿಸಿಕೊಟ್ಟು ಬರುವುದು. ಶೃಂಗೇರಿ ಆಚೆಯ ಸಿರಿಮನೆಯಿಂದ ಹಿಡಿದು ಎನ್.ಆರ್. ಪುರದವರೆಗೆ ನಾವು ಕೂರದ ಒಲೆ ಕಡಿಮೆ.

ನಾವು ಅಂದರೆ ಗಿರಿಜತ್ತೆ ಮತ್ತು ನಾನು. ಗಿರಿಜತ್ತೆ ನನಗೆ ಸೋದರತ್ತೆಯೂ ಅಲ್ಲ, ಗಂಡನ ತಾಯಿಯೂ ಅಲ್ಲ. ಅವರು ಊರಿಗೆಲ್ಲ ಅತ್ತೆ. ಕೊಪ್ಪದಲ್ಲಿ ಮಗಳ ಮನೆಯಲ್ಲಿದ್ದರು. ಆಳು ಗಿಡ್ಡ, ದನಿ ದೊಡ್ಡದು. ಮದುವೆ ಗೊತ್ತಾದ ಮನೆಯವರು ಛತ್ರ ಹಿಡಿಯುವುದಕ್ಕೂ ಮೊದಲು ಗಿರಿಜತ್ತೆ ಆ ದಿನ ಬಿಡುವಾಗಿದ್ದಾರಾ ಎಂದು ಕೇಳಿಕೊಂಡು ಬರುತ್ತಿದ್ದರು. ಅವರ ಜೊತೆಗಿದ್ದ ಹೆಂಗಸು ಮಗಳ ಬಾಣಂತನಕ್ಕೆಂದು ಹೋದವರು ವಾಪಸ್ ಬರಲಿಲ್ಲ. ಆ ಜಾಗಕ್ಕೆ ನಾನು ಸೇರಿಕೊಂಡೆ. ನನ್ನ ಕೈ ಸದಾ ತಣ್ಣಗಿರುತ್ತದೆ, ಕಣಕ ಬೇಗ ಜಿಡ್ಡು ಬಿಡುವುದಿಲ್ಲ. ಗಿರಿಜತ್ತೆ ನನ್ನ ಕೈ ಹಿಡಿದು ನೋಡಿ, "ಕೈ ಪರ್ವಾಗಿಲ್ಲ, ತಲೆ ಹೆಂಗಿದ್ಯೋ ನೋಡ್ಬೇಕು" ಅಂದರು. ನನಗಾದ ಇಂಟರ್‌ವ್ಯೂ ಅಷ್ಟೇ.

ಮೊದಲ ಕೆಲಸ ಹಿರೇಕೊಡಿಗೆಯ ಒಂದು ಮನೆಯಲ್ಲಿ. ಹೋಳಿಗೆಯ ಹೂರಣ ರುಬ್ಬಿ ಮುಗಿದಿತ್ತು. ಬೆರಳಿಗೆ ಮೆತ್ತಿದ್ದನ್ನು ನಾನು ಯೋಚನೆಯೇ ಇಲ್ಲದೆ ಬಾಯಿಗಿಟ್ಟುಕೊಂಡೆ. ಪಟ್ಟೆಂದು ಮೊಣಕೈ ಮೇಲೆ ಸೌಟಿನ ಏಟು ಬಿತ್ತು.

"ಎಂತ ಮಾಡ್ದೆ ಮಾರಾಯ್ತಿ! ಮೀಸಲು ಮುರಿದ್ಯಲ್ಲೇ!"

ಮೀಸಲು ಏನೆಂದು ನನಗೂ ಗೊತ್ತಿತ್ತು. ಹಬ್ಬದಲ್ಲಿ ದೇವರಿಗೆ ತೋರಿಸದೆ ಮಕ್ಕಳಿಗೆ ಕೊಡುವುದಿಲ್ಲ, ಅಷ್ಟನ್ನು ಎಲ್ಲರೂ ಮಾಡುತ್ತಾರೆ. ಆದರೆ ಗಿರಿಜತ್ತೆಗೆ ಅದು ಕೆಲಸದ ಮೊದಲ ಕಟ್ಟಳೆ. ಶುಭಕಾರ್ಯದ ಮನೆಯಲ್ಲಿ ಮೊದಲು ಹಿರಿಯರಿಗೆ ಎಡೆ ಇಡುತ್ತಾರೆ. ಆ ಎಡೆಗೆ ಹೋಗುವ ಸಿಹಿಯ ರುಚಿ ನೋಡುವಂತಿಲ್ಲ, ಮೂಗಿನ ಹತ್ತಿರ ಹಿಡಿದು ಮೂಸುವಂತಿಲ್ಲ. ಸತ್ತವರಿಗಿಂತ ಮುಂಚೆ ಇದ್ದವರು ತಿನ್ನಬಾರದು. ಆ ದಿನ ಹೂರಣವನ್ನೆಲ್ಲ ಬೇರೆ ತೆಗೆದಿಟ್ಟು, ಎಡೆಗೆಂದು ಒಂದು ಪಾವು ಬೇಳೆಯನ್ನು ಹೊಸದಾಗಿ ಬೇಯಿಸಿದೆವು. ರುಬ್ಬಿದವಳು ನಾನೇ, ಒರಳುಕಲ್ಲಿನಲ್ಲಿ.

"ಹಂಗಾದ್ರೆ ಸರಿಯಾಗಿದ್ಯಾ ಇಲ್ವಾ ಅಂತ ಹೆಂಗೆ ಗೊತ್ತಾಗುತ್ತೆ ಅತ್ತೆ?" ಎಂದು ಕೇಳಿದೆ.

"ಕಣ್ಣಿಲ್ವೇನೇ? ಕಿವಿ ಇಲ್ವಾ? ವಾಸನೆ ತಾನಾಗೇ ಬಂದು ಮೂಗಿಗೆ ಹೊಡೆದ್ರೆ ಅದು ನಮ್ಮ ತಪ್ಪಲ್ಲ. ಬರೋ ವಾಸನೆಗೆ ಬೇಲಿ ಹಾಕೋಕಾಗುತ್ತಾ?"

ಹೀಗೆ ಬಾಯಿಗೆ ಬೀಗ ಹಾಕಿಕೊಂಡೇ ನಾನು ಸಿಹಿ ಮಾಡುವುದನ್ನು ಕಲಿತೆ. ಕಜ್ಜಾಯದ ಅಕ್ಕಿಯನ್ನು ನೆನೆಹಾಕಿ, ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವ ಹದದಲ್ಲಿ ಕುಟ್ಟಬೇಕು. ಬೆಲ್ಲದ ಪಾಕದ ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸಿ ನೋಡಬೇಕು. ಬೂಂದಿ ಎಣ್ಣೆಗೆ ಬಿದ್ದಾಗ ಮೊದಲು ಜೋರು ಸದ್ದು, ಬೆಂದ ಹಾಗೆ ಸದ್ದು ಇಳಿಯುತ್ತದೆ. ಪೂರ್ತಿ ನಿಲ್ಲುವ ಮೊದಲು ಎತ್ತಬೇಕು. ಪೂರ್ತಿ ನಿಂತ ಮೇಲೆ ಎತ್ತಿದರೆ ಅದು ಲಾಡಿಗಲ್ಲ, ಖಾರದ ಮಿಕ್ಸ್ಚರಿಗೆ ಆಗುತ್ತದೆ. ಇದನ್ನೆಲ್ಲ ಅಳತೆಯಲ್ಲಿ ಹೇಳು ಅಂದರೆ ನಾನು ಹೇಗೆ ಹೇಳಲಿ?

ರುಚಿ ನೋಡದ ಕೆಲಸದಲ್ಲಿ ಆಗುವ ಎಡವಟ್ಟುಗಳು ಬೇರೆ ಯಾವ ಅಡುಗೆಯಲ್ಲೂ ಆಗುವುದಿಲ್ಲ. ಅದೇ ಹಿರೇಕೊಡಿಗೆಯ ಇನ್ನೊಂದು ಮನೆಯಲ್ಲಿ ಯಜಮಾನರ ತಂದೆಯ ಎಡೆಗೆ ಶಾವಿಗೆ ಪಾಯಸ. ಅಷ್ಟು ಹೊತ್ತಿಗೆ ಮನೆಗಳಲ್ಲಿ ಕಲ್ಲುಪ್ಪು ಹೋಗಿ ಪುಡಿ ಉಪ್ಪು ಬಂದಿತ್ತು, ಎಲ್ಲವನ್ನೂ ಒಂದೇ ಥರದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿಡುವುದೂ ಶುರುವಾಗಿತ್ತು. ಸಿಹಿ ಸಾಲದೇನೋ ಎಂದು ನಾನು ಪಕ್ಕದ ಡಬ್ಬಿಯಿಂದ ಇನ್ನೆರಡು ಹಿಡಿ ಸುರಿದೆ. ಎಡೆ ಇಟ್ಟಾಯಿತು, ಬಾಗಿಲು ಹಾಕಿ ಎಲ್ಲರೂ ಹೊರಗೆ ಕೈಮುಗಿದು ನಿಂತದ್ದೂ ಆಯಿತು. ಊಟಕ್ಕೆ ಕೂತ ಮೊದಲ ಪಂಕ್ತಿಯಲ್ಲಿ ಯಜಮಾನರು ಪಾಯಸ ಬಾಯಿಗಿಟ್ಟವರು ಕಣ್ಣು ಮುಚ್ಚಿ ಹಾಗೇ ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮಪ್ಪಂಗೆ ಸಕ್ಕರೆ ಕಾಯಿಲೆ ಇತ್ತು ಮಾರಾಯ್ತಿ. ಸಿಹಿ ಮುಟ್ಟಬೇಡಿ ಅಂತ ಡಾಕ್ಟ್ರು ಬಡ್ಕೊಂಡ್ರೂ ಕೇಳ್ತಿರ್ಲಿಲ್ಲ. ಅಂತೂ ಅಲ್ಲಿಗೆ ಹೋದ್ಮೇಲೆ ನೀನು ಪಥ್ಯ ಮಾಡಿಸ್ದೆ ನೋಡು!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಗಿರಿಜತ್ತೆ ಮಾತ್ರ ನಗಲಿಲ್ಲ. ವಾಪಸ್ ಬರುವಾಗ ನನ್ನ ಒಂದು ಅಂಗೈಗೆ ಉಪ್ಪು, ಇನ್ನೊಂದಕ್ಕೆ ಸಕ್ಕರೆ ಹಾಕಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಬೆರಳಲ್ಲಿ ತಿಕ್ಕಿಸಿದರು. ನಮ್ಮ ಊರಿನ ಥಂಡಿಗೆ ಉಪ್ಪು ಬೆರಳಿಗೆ ಅಂಟುತ್ತದೆ, ಸಕ್ಕರೆ ಜಾರುತ್ತದೆ. ಇವತ್ತಿಗೂ ನಾನು ತಿಕ್ಕಿ ನೋಡದೆ ಎರಡನ್ನೂ ಹಾಕುವುದಿಲ್ಲ.

ಇನ್ನು ಗಿರಿಜತ್ತೆಯ ಮೂಗಿನ ವಿಷಯ. ಅದಕ್ಕೆ ಕೊಪ್ಪದ ಹತ್ತಿರದ ನಾರ್ವೆ ಊರಿನ ಒಂದು ಮನೆಯ ಕತೆ ಸಾಕು. ಆ ಮನೆಗೆ ಹೊಸ ಮಿಕ್ಸಿ ಬಂದಿತ್ತು. ಹೊಸ ಸೊಸೆ ಉತ್ಸಾಹದಲ್ಲಿ ನಾವು ಕೇಳುವ ಮೊದಲೇ ಹೋಳಿಗೆಗೆ ಏಲಕ್ಕಿ ಪುಡಿ ಮಾಡಿ ತಟ್ಟೆಯಲ್ಲಿಟ್ಟಿದ್ದಳು. ಗಿರಿಜತ್ತೆ ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದವರು ಅಲ್ಲಿಂದಲೇ ಕೂಗಿದರು: "ಯಾರೇ ಅದು ಏಲಕ್ಕಿ ಪುಡಿ ಮಾಡಿದ್ದು? ಅದು ಕೋಳಿಸಾರು ಉಂಡು ಬಂದಿದೆ!"

ಹಿಂದಿನ ದಿನ ಅದೇ ಜಾರಿನಲ್ಲಿ ಕೋಳಿಸಾರಿಗೆ ಮಸಾಲೆ ರುಬ್ಬಿದ್ದರಂತೆ. ತೊಳೆದಿಟ್ಟಿದ್ದರೂ ಚಕ್ಕೆ ಲವಂಗದ ವಾಸನೆ ಒಳಗೆ ಉಳಿದಿತ್ತು. ಸೊಸೆಯ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಗಿರಿಜತ್ತೆ ಒಳಗೆ ಬಂದು, "ಅಳೋದೆಂತಕ್ಕೆ? ಒಂದು ಹಿಡಿ ಅಕ್ಕಿ ಹಾಕಿ ತಿರುಗ್ಸು, ವಾಸನೆ ಎಲ್ಲ ಅಕ್ಕಿಗೆ ಹೋಗುತ್ತೆ. ಆ ಹಿಟ್ಟನ್ನ ಪಲಾವಿನ ಮಸಾಲೆಗೆ ಸೇರ್ಸು" ಎಂದು ಬೆನ್ನು ಸವರಿದರು. ಆಮೇಲೆ ತಮ್ಮ ಚೀಲದಿಂದ ಕುಟ್ಟಾಣಿ ತೆಗೆದು, ಒಂದಿಷ್ಟು ಸಕ್ಕರೆ ಸೇರಿಸಿ, ಏಲಕ್ಕಿಯನ್ನು ತಾವೇ ಕುಟ್ಟಿದರು. ಗ್ಯಾಸ್ ಒಲೆ ಬಂತು, ಗ್ರೈಂಡರು ಬಂತು, ಎರಡನ್ನೂ ಅವರು ಬೈದುಕೊಂಡೇ ಒಪ್ಪಿಕೊಂಡರು. ಆ ಕುಟ್ಟಾಣಿಯನ್ನು ಮಾತ್ರ ಬಿಡಲಿಲ್ಲ. ಏಲಕ್ಕಿ ಸಿಪ್ಪೆ ಬಿಡಿಸುತ್ತಿರುವಾಗಲೇ ಅದು ಈ ವರ್ಷದ್ದೋ ಹೋದ ವರ್ಷದ್ದೋ, ಬಿಸಿಲಿಗೆ ಒಣಗಿದ್ದೋ ಹೊಗೆಗೆ ಒಣಗಿದ್ದೋ ಎಂದು ಹೇಳುತ್ತಿದ್ದರು. ಜನ ಅದನ್ನು ಕೇಳುವುದಕ್ಕೆಂದೇ ಅಡುಗೆಮನೆ ಬಾಗಿಲಿಗೆ ಬರುತ್ತಿದ್ದರು.

ಆ ಮೂಗು ಹೋಯಿತು.

ಒಂದು ವರ್ಷ ನಮ್ಮ ಕಡೆಯೆಲ್ಲ ಜ್ವರ ಹಬ್ಬಿತು. ಗಿರಿಜತ್ತೆಯೂ ಮಲಗಿ ಎದ್ದರು. ಎದ್ದ ಮೇಲಿನ ಮೊದಲ ಕೆಲಸ ಸಿರಿಮನೆಯಲ್ಲಿ, ಬೂದುಗುಂಬಳದ ಹಲ್ವ. ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ತಳ ಹಿಡಿದ ವಾಸನೆ ಅಲ್ಲಿಗೇ ಬಂತು. ಓಡಿ ಒಳಗೆ ಹೋದರೆ ಗಿರಿಜತ್ತೆ ಒಲೆ ಮುಂದೆ ನೆಮ್ಮದಿಯಾಗಿ ಕೂತು ಕೈಯಾಡಿಸುತ್ತಿದ್ದಾರೆ. ಮೇಲುಗಡೆ ಹಲ್ವ ಹೊಳೆಯುತ್ತಿತ್ತು, ಕಣ್ಣಿಗೆ ಏನೂ ಗೊತ್ತಾಗುವಂತಿರಲಿಲ್ಲ. ನಾನು ಪಾತ್ರೆ ಇಳಿಸಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿದೆ. ತಳದ ಕಪ್ಪು ಕಂಡಾಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ವಾಪಸ್ ಹೊರಟಾಗ, ಕಿಗ್ಗದಿಂದ ಶೃಂಗೇರಿಗೆ ಬರುವ ಬಸ್ಸಿನಲ್ಲಿ ಅವರು ಸೆರಗಿನ ಗಂಟಿನಿಂದ ಒಂದು ಏಲಕ್ಕಿ ತೆಗೆದು, ಉಗುರಲ್ಲಿ ಒಡೆದು, ಮೂಗಿಗೆ ಹಿಡಿದುಕೊಂಡರು. ಎಷ್ಟು ಹೊತ್ತಾದರೂ ಕೈ ಇಳಿಸಲಿಲ್ಲ.

"ಎಂತದೂ ಇಲ್ಲ ಕಣೆ ಲಲಿತ. ಹುಲ್ಲುಕಡ್ಡಿ ಹಿಡ್ಕೊಂಡಂಗಿದೆ."

"ಜ್ವರದ ನಂಜು ಅತ್ತೆ, ಸರಿಹೋಗುತ್ತೆ."

"ಸರಿಹೋಗ್ದೆ ಇದ್ರೆ? ನಂಗೆ ಬೇರೆ ಎಂತ ಬರುತ್ತೆ ಹೇಳು. ಗೊತ್ತಾದ ದಿನ ಒಲೆ ಮುಂದಿಂದ ಎಬ್ಬಿಸ್ತಾರೆ. ಎಬ್ಬಿಸಿದ್ರೆ ನಾನು ಎಲ್ಲಿ ಕೂರ್ಲೇ?"

ಶೃಂಗೇರಿಯ ಡಾಕ್ಟರು ಕೆಲವರಿಗೆ ವಾಪಸ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಅಂದರು. ಗಿರಿಜತ್ತೆಗೆ ಬರಲಿಲ್ಲ. ನಾಲಿಗೆಯೂ ಅರ್ಧ ಮಂಕಾಯಿತು, ಉಪ್ಪು ಸಿಹಿ ಬಿಟ್ಟರೆ ಬೇರೇನೂ ಗೊತ್ತಾಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ನಾನು ಅವರ ಮೂಗಾದೆ. ಯಾರಿಗೂ ಹೇಳಲಿಲ್ಲ. ಅವರು ಒಲೆ ಮುಂದೆ, ನಾನು ಪಕ್ಕದಲ್ಲಿ.

"ಎಂತ ವಾಸನೆ ಬರ್ತಿದೆ?"

"ಹಸಿ ವಾಸನೆ ಹೋಗಿದೆ ಅತ್ತೆ."

"ಹೋಗಿದ್ದು ಬಿಡು. ಬಂದಿದ್ದೆಂತ?"

ವಾಸನೆಗೆ ನನ್ನ ಹತ್ತಿರ ಹೆಸರುಗಳಿರಲಿಲ್ಲ. ಅಲ್ಲಿಯವರೆಗೆ ವಾಸನೆಯೆಂದರೆ ಒಳ್ಳೆಯದು ಅಥವಾ ಕೆಟ್ಟದ್ದು, ಎರಡೇ. ಗಿರಿಜತ್ತೆ ಬಿಡುತ್ತಿರಲಿಲ್ಲ. ಬಾಯಿ ಬಿಟ್ಟು ಹೇಳು, ಮನೆಯಲ್ಲಿ ಯಾವಾಗಲಾದರೂ ಇಂಥದೇ ವಾಸನೆ ಬಂದಿತ್ತಾ ನೆನಪು ಮಾಡಿಕೋ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದರು. ಒದ್ದೆ ಗೋಣಿಯ ಹಾಗೆ ಅಂದರೆ, "ಕಡ್ಲೆಹಿಟ್ಟು ಇನ್ನೂ ಹಸಿ, ಹುರಿ" ಅನ್ನುತ್ತಿದ್ದರು. ಹುರಿದ ಗೇರುಬೀಜದ ಹಾಗೆ ಅಂದರೆ, "ಹಂ, ಹತ್ರ ಬಂತು, ಉರಿ ತೆಗಿ." ಕೊತ್ತಂಬರಿ ಬೀಜ ಹುರಿಯುವಾಗ ಕಿತ್ತಳೆ ಸಿಪ್ಪೆಯ ವಾಸನೆ ಬರುತ್ತಿದೆ ಎಂದೆ ಒಂದು ದಿನ. ಅವರು ಸೌಟು ಕೆಳಗಿಟ್ಟು ನನ್ನ ಕೆನ್ನೆ ಹಿಂಡಿದರು. "ಇಷ್ಟು ವರ್ಷ ಆದ್ಮೇಲೆ ಬಾಯಿ ಬಂತು ನೋಡು ಕತ್ತೆಗೆ!"

ಮನೆಯವರು ಇದನ್ನೆಲ್ಲ ನೋಡಿ ಗಿರಿಜತ್ತೆ ಲಲಿತಂಗೆ ಪರೀಕ್ಷೆ ಮಾಡ್ತಿದ್ದಾರೆ ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಈಗ ನೆನೆದರೆ ಆ ಮೂರ್ನಾಲ್ಕು ವರ್ಷ ನನ್ನ ಬದುಕಿನ ಚಂದದ ಕಾಲ. ಅವರಿಗೆ ಮೂಗಿದ್ದಾಗ ನನಗೆ ಕಲಿಸಿದ್ದು ಕೈಕೆಲಸ. ನಿಜವಾದ ವಿದ್ಯೆ ಕೊಟ್ಟದ್ದು ಮೂಗು ಹೋದ ಮೇಲೆಯೇ. ಸಂಘದ ಹುಡುಗಿಯರೇ, ಒಲೆ ಮುಂದೆ ಒಬ್ಬರೇ ಕೂರಬೇಡಿ, ಇಬ್ಬರು ಕೂತು ಬಾಯಿಬಿಟ್ಟು ಮಾತಾಡಿಕೊಳ್ಳಿ. ನನ್ನ ಹತ್ತಿರ ಇರುವ ಅಳತೆ ಅದೊಂದೇ.

ಆದರೆ ಒಲೆ ಮುಂದಿನಿಂದ ಎಬ್ಬಿಸಿಬಿಡುತ್ತಾರೆಂಬ ಹೆದರಿಕೆ ಮಾತ್ರ ಅವರನ್ನು ಬಿಟ್ಟು ಹೋಗಲಿಲ್ಲ. ಯಾರಾದರೂ ಏಲಕ್ಕಿ ಹಿಡಿದುಕೊಂಡು ಬಂದರೆ, "ಮೀಸಲಿಂದು ಮೂಸೋದೆಂತ, ಇಡು ಅಲ್ಲಿ" ಎಂದು ಗದರಿಸಿ ಕಳಿಸುತ್ತಿದ್ದರು.

ಆಮೇಲೆ ಎನ್.ಆರ್. ಪುರದ ಹತ್ತಿರ ಗೌರಮ್ಮನವರ ಮನೆಯ ಮದುವೆ ಬಂತು. ಮಗನ ಮದುವೆ. ಗೌರಮ್ಮ ಆ ಮನೆಯ ದೊಡ್ಡ ಹೆಂಗಸು, ಒಳ್ಳೆಯ ಅಡುಗೆ ಬಲ್ಲವರು. ಹಿಂದಿನ ದಿನ ಮಧ್ಯಾಹ್ನ ಹಿರಿಯರಿಗೆ ಎಡೆ, ಅಷ್ಟರೊಳಗೆ ಲಾಡು ಕಟ್ಟಿ ಮುಗಿಯಬೇಕು. ನನಗೆ ಅದೇ ದಿನ ಎಂಥ ನೆಗಡಿ ಅಂದರೆ, ಎರಡು ಹೊಳ್ಳೆಯೂ ಬಂದ್. ಬಸ್ಸಿನಲ್ಲೇ ಹೇಳಿದೆ. ಗಿರಿಜತ್ತೆ, "ಲಾಡಿಗೆ ಮೂಗೆಂತಕ್ಕೆ, ಕಣ್ಣು ಕಿವಿ ಸಾಕು" ಅಂದರು.

ಅದು ನಿಜವೂ ಆಗಿತ್ತು. ಬೂಂದಿ ಚೆನ್ನಾಗಿ ಬಂತು, ಪಾಕ ಚೆನ್ನಾಗಿ ಹಿಡಿಯಿತು. ಲಾಡಿಗೆ ಪಚ್ಚಕರ್ಪೂರ ಹಾಕುವುದು ವಾಡಿಕೆ. ಮನೆಯ ಹುಡುಗಿಯೊಬ್ಬಳು ಕಪಾಟಿನಿಂದ ಒಂದು ಕಾಗದದ ಪೊಟ್ಟಣ ತೆಗೆದುಕೊಟ್ಟಳು. ಗಿರಿಜತ್ತೆ ಒಂದು ಚಿಟಿಕೆಯನ್ನು ಏಲಕ್ಕಿ ಸಕ್ಕರೆಯ ಜೊತೆ ಕುಟ್ಟಿ ಬೂಂದಿಗೆ ಬೆರೆಸಿದರು. ಇಬ್ಬರೂ ಕೂತು ಕಟ್ಟಿ, ಕೊಪ್ಪರಿಗೆ ತುಂಬ ಲಾಡು ಜೋಡಿಸಿದೆವು.

ಆಗ ಗೌರಮ್ಮನ ಮಗಳು ಬಂದು ಕಪಾಟಿನಲ್ಲಿ ಕೈಯಾಡಿಸಿದಳು. "ಮಂಗಳಾರತಿಗೆ ಕರ್ಪೂರ ಇಲ್ಲೇ ಇಟ್ಟಿದ್ದೆ. ಪಚ್ಚಕರ್ಪೂರದ್ದೊಂದು, ಇದೊಂದು, ಎರಡು ಪೊಟ್ಟಣ ಇತ್ತು. ಈಗ ಒಂದೇ ಇದೆ." ಇದ್ದ ಒಂದನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದಳು.

ಗಿರಿಜತ್ತೆಯ ಕೈ ನಿಂತುಹೋಯಿತು. ನನಗೂ ಹೊಳೆಯಿತು. ಎರಡೂ ಒಂದೇ ಗ್ರಂಧಿಗೆ ಅಂಗಡಿಯ ಪೊಟ್ಟಣಗಳು. ಪಚ್ಚಕರ್ಪೂರವೂ ಬಿಳಿ ಹರಳು, ಪುಡಿಯಾದ ಪೂಜೆಯ ಕರ್ಪೂರವೂ ಬಿಳಿ ಹರಳು. ಒಂದು ತಿನ್ನುವಂಥದು. ಇನ್ನೊಂದು ಹೊಟ್ಟೆಗೆ ಹೋದರೆ ವಿಷ, ಸಣ್ಣ ಮಕ್ಕಳಿಗೆ ಫಿಟ್ಸೇ ಬರುತ್ತದೆ. ಪಳಗಿದ ಮೂಗಿಗೆ ಎರಡರ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ನಮ್ಮಿಬ್ಬರ ನಡುವೆ ಆ ದಿನ ಒಂದು ಮೂಗೂ ಇರಲಿಲ್ಲ.

ಗಿರಿಜತ್ತೆ ತಾವು ಚಿಟಿಕೆ ತೆಗೆದಿದ್ದ ಪೊಟ್ಟಣ ಹಿಡಿದು ದನಿ ಸಡಿಲ ಮಾಡಿ ಕೂಗಿದರು. "ಗೌರಮ್ಮ, ಇದು ಪಚ್ಚಕರ್ಪೂರದ್ದೇ ಪೊಟ್ಟಣ ಹೌದಲ್ಲ?"

ಗೌರಮ್ಮ ಎಲೆ ಒರೆಸುತ್ತಿದ್ದವರು ತಲೆಯೆತ್ತದೆ ನಕ್ಕರು. "ಎಂತ ತಮಾಷೆ ಅತ್ತೆ! ನಿಮ್ಮ ಮೂಗಿಗೆ ಗೊತ್ತಾಗ್ದಿದ್ದು ನಂಗೆ ಗೊತ್ತಾಗುತ್ತಾ?"

ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಗಿರಿಜತ್ತೆಯೂ ಹಲ್ಲು ಕಾಣಿಸಿದರು. ನಾನು ಅವರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದೆ: "ಅತ್ತೆ, ಕೊಪ್ಪರಿಗೆ ಎತ್ತುವಾಗ ಕೈ ಜಾರ್ತು ಅಂತ ಹಿತ್ತಲಿಗೆ ಚೆಲ್ಲಿಬಿಡೋಣ. ಕೇಳಿದ್ರೆ ನನ್ನ ಕೈ ಜಾರ್ತು ಅಂತ ಹೇಳ್ತೀನಿ. ಬೈದ್ರೆ ಬೈಸ್ಕೊತೀನಿ."

ಅವರು ಕೊಪ್ಪರಿಗೆಯನ್ನು ನೋಡಿದರು. ಆ ಮನೆಯವರು ತಿಂಗಳಾನುಗಟ್ಟಲೆ ಬೆಣ್ಣೆ ಕೂಡಿಟ್ಟು ಕಾಯಿಸಿದ ತುಪ್ಪ ಅದರಲ್ಲಿತ್ತು. "ಇಷ್ಟು ಅನ್ನಾನ ಮಣ್ಣಿಗೆ ಹಾಕೋದಾ? ಅದೂ ಒಂದು ಸುಳ್ಳಿಗೆ?" ಎಂದು ಮೆಲ್ಲಗೆ ಹೇಳಿ, ಮೊಣಕಾಲಿಗೆ ಕೈಯೂರಿ ಎದ್ದು ನಿಂತರು.

"ಗೌರಮ್ಮ, ನನಗೆ ಮೂಗಿಲ್ಲ. ಜ್ವರ ಬಂದಾಗ್ಲೇ ಹೋಗಿದೆ. ಲಲಿತಂಗೆ ಇವತ್ತು ನೆಗಡಿ. ನಾನು ಲಾಡಿಗೆ ಹಾಕಿದ್ದು ಯಾವ ಕರ್ಪೂರ ಅಂತ ನನಗೆ ಗೊತ್ತಿಲ್ಲ. ನೀವು ಮೂಸಿ ಹೇಳಿ, ತಿಳಿಯೋವರೆಗೆ ಮಕ್ಕಳು ಮುಟ್ಟೋದು ಬೇಡ."

ಬಾಗಿಲಲ್ಲಿ ನಿಂತಿದ್ದ ಗೌರಮ್ಮನ ಮೈದುನ ಗಾಬರಿಯಾಗಿ, "ಎಡೆ ಇಡೋಕೆ ಮುಂಚೆ ಮೂಸೋದಾ? ಮೀಸಲಲ್ವಾ ಅತ್ತಿಗೆ?" ಅಂದರು.

"ಹಿರಿಯರಿಗೆ ನಾನು ಹೇಳ್ಕೊತೀನಿ. ನೀವು ಹೋಗಿ ದೀಪಕ್ಕೆ ಎಣ್ಣೆ ಹಾಕಿ" ಎಂದು ಗೌರಮ್ಮ ಕೈ ಒರೆಸಿಕೊಂಡು ಬಂದರು. ಪೊಟ್ಟಣವನ್ನು ಮೂಸಿದರು. ಒಂದು ಲಾಡು ಮುರಿದು ಅದನ್ನೂ ಮೂಸಿದರು. ದೇವರ ಕೋಣೆಯಿಂದ ಇನ್ನೊಂದು ಪೊಟ್ಟಣ ತರಿಸಿ ಮತ್ತೆ ಮೂಸಿದರು. ನಾನು ಮನೆದೇವರಿಗೆ ಹರಕೆ ಹೇಳಿಕೊಂಡೆ.

"ಪಚ್ಚಕರ್ಪೂರವೇ. ಸರಿಯಾಗೇ ಹಾಕಿದೀರಿ" ಅಂದರು ಗೌರಮ್ಮ.

ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಒಬ್ಬೊಬ್ಬರಾಗಿ ಗಿರಿಜತ್ತೆಯ ಕಡೆ ತಿರುಗಿದರು. ನೆಂಟರ ಪೈಕಿ ಒಬ್ಬಾಕೆ, "ಹಂಗಾದ್ರೆ ನಮ್ಮನೆ ನಾಮಕರಣಕ್ಕೆ ಬಂದಾಗ್ಲೂ ಹಿಂಗೇ ಇತ್ತಾ?" ಎಂದು ಕೇಳಿದರು. "ಹೂಂ, ಹಿಂಗೇ ಇತ್ತು" ಅಂದರು ಗಿರಿಜತ್ತೆ. ಮೀಸಲು ಮುರಿದದ್ದರಿಂದ ಎಡೆಗೆ ಬೇರೆ ಲಾಡು ಆಗಬೇಕಿತ್ತು. ಒಂದಿಷ್ಟು ಹಿಟ್ಟು ಕಲಸಿ ನಾನೇ ಬೂಂದಿ ಕರಿದೆ. ಗಿರಿಜತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು, ಕರೆದರೂ ಒಳಗೆ ಬರಲಿಲ್ಲ.

ಹಾಕಿದ್ದು ಸರಿಯಾಗಿಯೇ ಇತ್ತು. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ಈ ಮಾತು ನನ್ನನ್ನು ಬಹಳ ದಿನ ಕೊರೆಯಿತು. ಒಂದು ಸಲ ಅವರ ಮುಂದೆಯೇ ಆಡಿಬಿಟ್ಟೆ. "ಸರಿ ಇತ್ತು ಅಂತ ಗೊತ್ತಾಗಿದ್ದು ಕೇಳಿದ್ಮೇಲೆ ತಾನೆ?" ಎಂದು ಬೈದರು.

ಸುದ್ದಿ ನಮಗಿಂತ ಮೊದಲೇ ಕೊಪ್ಪ ತಲುಪಿತ್ತು. ಮುಂದಿನ ಮದುವೆಗಳಿಗೆ ಫೋನು ಬಂದದ್ದು ನನಗೆ. "ನೀವು ಬನ್ನಿ ಲಲಿತಕ್ಕ, ಗಿರಿಜತ್ತೆಗೆ ವಯಸ್ಸಾಯ್ತಲ್ಲ, ತೊಂದರೆ ಬೇಡ" ಎಂದು ಎಲ್ಲರೂ ಒಂದೇ ಮಾತನ್ನು ಬಾಯಿಪಾಠ ಮಾಡಿದವರ ಹಾಗೆ ಹೇಳಿದರು. ನಾನು ಬರುವುದಿಲ್ಲ ಅಂದೆ. ಅದು ಗಿರಿಜತ್ತೆಗೆ ತಿಳಿದು ನಮ್ಮ ಮನೆಗೇ ಬಂದು ಬೈದರು. "ನನ್ನ ಜೊತೆ ನೀನೂ ಮೂಲೆ ಹಿಡಿದ್ರೆ ನಾನು ಕಲ್ಸಿದ್ದೆಂತಕ್ಕೆ? ಹೋಗೇ ಸುಮ್ನೆ." ಹೋದೆ. ಕೆಲಸ ಮಾಡಿದೆ. ಪಕ್ಕದಲ್ಲಿ ಕೇಳುವವರಿಲ್ಲದೆ ಬಾಯಿ ಕಟ್ಟಿದಂತಾಗುತ್ತಿತ್ತು. ಗಿರಿಜತ್ತೆ ಮಗಳ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ, ಟಿ.ವಿ. ನೋಡುತ್ತ ದಿನ ಕಳೆದರು. ಆ ದೊಡ್ಡ ದನಿ ಸಣ್ಣದಾಗುತ್ತ ಬಂತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಮರುವರ್ಷ ಒಂದು ಬೆಳಗ್ಗೆ ಗೌರಮ್ಮ ಜೀಪಿನಲ್ಲಿ ಬಂದಿಳಿದರು. ನಾನೂ ಅಲ್ಲಿದ್ದೆ. ಮಗಳ ಮದುವೆ ಗೊತ್ತಾಗಿತ್ತು.

"ಸಿಹಿಗೆ ನೀವೇ ಬರ್ಬೇಕು ಅತ್ತೆ."

"ಮೂಗಿಲ್ಲದೋಳನ್ನ ಕರೆಯೋಕೆ ಇಷ್ಟು ದೂರ ಬಂದ್ರಾ?"

"ಮೂಗಿದ್ದೋರು ಬೇಕಾದಷ್ಟು ಜನ ಸಿಗ್ತಾರೆ. ಆವತ್ತು ನೀವು ಸುಮ್ನಿದ್ರೆ ನಮಗ್ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಮ್ಮನೆ ಮಕ್ಕಳು ತಿನ್ನೋದು ನಿಮ್ಮ ಕಣ್ಣೆದುರಿಗೇ ತಯಾರಾಗ್ಲಿ."

ಗಿರಿಜತ್ತೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದ ಹಾಗೆ ಇದ್ದೆ.

"ಬರ್ತೀನಿ. ಆದ್ರೆ ಒಲೆ ಮುಂದೆ ಕೂರೋಳು ಲಲಿತ. ಒಪ್ಪಿದ್ರೆ ಬರ್ತೀನಿ."

ಎನ್.ಆರ್. ಪುರದ ಆ ಅಡುಗೆಮನೆಯಲ್ಲಿ ನಾನು ಹಳೆಯ ಅಭ್ಯಾಸದಂತೆ ಅವರ ಮಣೆಯನ್ನು ಒಲೆಯ ಎದುರು ಹಾಕಿದೆ. ಅವರು ಅದನ್ನು ಎತ್ತಿಕೊಂಡು ಹೋಗಿ ಸೌದೆ ರಾಶಿಯ ಪಕ್ಕ ಹಾಕಿಕೊಂಡು ಕೂತು, ಸೌಟನ್ನು ನನ್ನ ಕಡೆ ತಳ್ಳಿದರು. ಮೊದಲು ಮೈಸೂರು ಪಾಕು. ಸಕ್ಕರೆ ಪಾಕಕ್ಕೆ ಕಡ್ಲೆಹಿಟ್ಟು ಉದುರಿಸುತ್ತ, ಕಾದ ತುಪ್ಪ ಹೊಯ್ಯುತ್ತ ನಾನು ಕೈಯಾಡಿಸಿದೆ. ಅವರು ಉರಿಯನ್ನು ನೋಡಿಕೊಂಡರು. ಹೇಳದೆಯೇ ಸೌದೆ ಹಿಂದಕ್ಕೆ ಬಂತು, ಹೇಳದೆಯೇ ಮುಂದಕ್ಕೆ ಹೋಯಿತು. ಹಿಟ್ಟು ತುಪ್ಪ ಬಿಡತೊಡಗಿತು. ಒಂದು ಕ್ಷಣ ಮೊದಲು ಇಳಿಸಿದರೆ ಹಸಿ, ಒಂದು ಕ್ಷಣ ತಡವಾದರೆ ಕಲ್ಲು.

"ಆಯ್ತಾ ಅತ್ತೆ?" ಎಂದು ಕೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. "ನನ್ನ ಕೇಳಿದ್ರೆ ಹೆಂಗೆ ಗೊತ್ತಾಗುತ್ತೆ? ಒಲೆ ಮುಂದೆ ಇರೋಳು ನೀನು."

ಇಳಿಸಿದೆ. ತಟ್ಟೆಗೆ ಸುರಿದೆ. ಎಡೆಯಾದ ಮೇಲೆ ಗೌರಮ್ಮ ಒಂದು ತುಂಡು ಮುರಿದರು. ಒಳಗೆಲ್ಲ ಗೂಡುಗೂಡಾಗಿತ್ತು, ನಡುವೆ ಕೆಂಪು. ಬಾಯಿಗೆ ಹಾಕಿಕೊಂಡು, "ಏನೇ ಅನ್ನಿ, ಗಿರಿಜತ್ತೆ ಕೈ ಅಂದ್ರೆ ಗಿರಿಜತ್ತೆ ಕೈ" ಅಂದರು.

"ನನ್ನದಲ್ಲ, ಲಲಿತನ ಕೈ" ಎಂದು ಗಿರಿಜತ್ತೆ ಒಲೆಗೆ ಇನ್ನೊಂದು ಸೌದೆ ನೂಕಿದರು.